ಝಳದ ದಿನ ಬೇರೆ, ಸೆಕೆಯ ದಿನ ಬೇರೆ: ದಾವಣಗೆರೆ–ದುರ್ಗದ ಬಿಸಿಲಿನ ಹಿಂದಿನ ಗಾಳಿ ಲೆಕ್ಕ

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ 5,000 ಬಾಯ್ಲರ್ ಕೋಳಿಗಳ ಶೆಡ್ ಇದೆ. ಏಪ್ರಿಲ್ ಮೂರನೇ ವಾರ ಮೊಬೈಲಿನಲ್ಲಿ 41 ಡಿಗ್ರಿ ತೋರಿಸಿದ ದಿನ ನಾಲ್ಕೈದು ಕೋಳಿ ಹೋದವು, ಅಷ್ಟೇ. ಹತ್ತು ದಿನ ಬಿಟ್ಟು ಬರೀ 37 ಡಿಗ್ರಿ ಇದ್ದ ದಿನ, ಸಂಜೆ 5ರಿಂದ 7ರೊಳಗೆ ಇನ್ನೂರರ ಹತ್ತಿರ ಸತ್ತವು. ಮೂಡಲ ಕಡೆ ಮೋಡ ಕಟ್ಟಿತ್ತು, ಕರೆಂಟೂ ಹೋಗಿತ್ತು. ಎರಡೂ ದಿನ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಓಡಿಸಿದ್ದೆ. ಬಿಸಿಲು ಕಡಿಮೆ ಇದ್ದ ದಿನವೇ ಹೀಗಾದದ್ದೇಕೆ? ಟಿ.ವಿ.ಯಲ್ಲಿ ಹೇಳುವಂತೆ ಬಿಸಿಗಾಳಿ ಉತ್ತರ ಭಾರತದಿಂದ ಬರುತ್ತದೆಯೇ? ಇಂಥ ದಿನವನ್ನು ಮುಂಚೆಯೇ ತಿಳಿಯುವ ದಾರಿ ಇದೆಯೇ?

ಉತ್ತರ: ಆ ಎರಡು ದಿನ ನಿಮ್ಮ ಶೆಡ್ಡಿನ ಮೇಲೆ ಬೀಸಿದ್ದು ಎರಡು ಬೇರೆ ಸೀಮೆಯ ಗಾಳಿ. ಮೊದಲನೆಯದು ಝಳ, ಅಂದರೆ ಒಣ ಬಿಸಿ; ಎರಡನೆಯದು ಸೆಕೆ, ಅಂದರೆ ತೇವದ ಬಿಸಿ. ನಮ್ಮ ಆಡುಮಾತಿನಲ್ಲೇ ಇವಕ್ಕೆ ಬೇರೆ ಬೇರೆ ಹೆಸರಿದೆ. ಮೊಬೈಲ್ ಮಾತ್ರ ಎರಡನ್ನೂ ಒಂದೇ ಅಂಕಿಯಲ್ಲಿ ಹೇಳಿ ಮುಗಿಸುತ್ತದೆ. ಮೊದಲ ದಿನ ಕೋಳಿ ಉಳಿಸಿದ ಫಾಗರೇ ಎರಡನೆಯ ದಿನ ಕೆಡುಕು ಮಾಡಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಬರುವ ಮೊದಲು, ಬಿಸಿಲು ಎಂದರೆ ಸೂರ್ಯ ಎಂಬ ಎಣಿಕೆಯನ್ನು ಸ್ವಲ್ಪ ಬದಿಗಿಡೋಣ.

ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 29ರ ಆಸುಪಾಸು ಒಮ್ಮೆ, ಆಗಸ್ಟ್ 14ರ ಸುಮಾರಿಗೆ ಇನ್ನೊಮ್ಮೆ. ಎರಡೂ ದಿನ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನಿಂತವರ ನೆರಳು ಕಾಲಡಿಯಲ್ಲೇ ಇರುತ್ತದೆ. ಸೂರ್ಯನ ಮಟ್ಟಿಗೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದರೆ ಏಪ್ರಿಲ್ ಕೊನೆಯಲ್ಲಿ 37, 38, ಕೆಲವು ವರ್ಷ 40 ದಾಟುತ್ತದೆ. ಆಗಸ್ಟ್ ನಡುವೆ 28, 29ಕ್ಕೇ ನಿಲ್ಲುತ್ತದೆ. ಈ ಹತ್ತು ಡಿಗ್ರಿ ಅಂತರ ಗಾಳಿಯ ಕೆಲಸ. ಆಗಸ್ಟಿನಲ್ಲಿ ಅರಬ್ಬಿ ಸಮುದ್ರದ ಪಡುವಣ ಗಾಳಿ ಮೋಡ ಹೊತ್ತು ಘಟ್ಟ ದಾಟಿ ಬರುತ್ತದೆ, ನೆಲ ಹಸಿಯಾಗಿರುತ್ತದೆ. ಏಪ್ರಿಲಿನಲ್ಲಿ ಇವೆರಡೂ ಇಲ್ಲ, ಮೇಲಿಂದ ಗಾಳಿ ಕೆಳಗಿಳಿಯುತ್ತಿರುತ್ತದೆ.

ಈ ಇಳಿಯುವ ಗಾಳಿಯೇ ಮುಖ್ಯ, ಹಾಗಾಗಿ ಸ್ವಲ್ಪ ವಿವರ. ಬೇಸಿಗೆಯಲ್ಲಿ ಮಧ್ಯ ಭಾರತ ಮತ್ತು ದಖ್ಖನ್ ಪ್ರಸ್ಥಭೂಮಿಯ ಮೇಲೆ, ಐದಾರು ಕಿ.ಮೀ. ಎತ್ತರದಲ್ಲಿ, ಅಧಿಕ ಒತ್ತಡದ ದೊಡ್ಡ ಸುಳಿಯೊಂದು ಬಂದು ಕೂರುತ್ತದೆ. ಸಮಭಾಜಕ ವೃತ್ತದ ಬಳಿ ಮಳೆ ಸುರಿಸಿ ಒಣಗಿದ ಗಾಳಿ ಮೇಲ್ಮಟ್ಟದಲ್ಲಿ ಬಡಗಣಕ್ಕೆ ಹರಿದು ಈ ಭಾಗದಲ್ಲಿ ನಿಧಾನವಾಗಿ ಕೆಳಗೆ ಕುಸಿಯುತ್ತದೆ. ಕೆಳಗಿಳಿದಂತೆ ಮೇಲಿನ ಒತ್ತಡ ಹೆಚ್ಚಿ ಗಾಳಿ ಅದುಮಿಕೊಳ್ಳುತ್ತದೆ, ಅದುಮಿದರೆ ಕಾಯುತ್ತದೆ. ಪಂಚರ್ ಅಂಗಡಿಯ ಕಂಪ್ರೆಸರ್ ಐದು ನಿಮಿಷ ಓಡಿದ ಮೇಲೆ ಅದರ ತಲೆ ಮುಟ್ಟಲಾಗದಷ್ಟು ಸುಡುತ್ತದಲ್ಲ, ಅದರಲ್ಲೂ ಬಹುಪಾಲು ಹೀಗೆ ಅದುಮಿದ ಗಾಳಿಯದೇ ಬಿಸಿ. ಒಣ ಗಾಳಿ ಒಂದು ಕಿ.ಮೀ. ಇಳಿದರೆ 9.8 ಡಿಗ್ರಿ ಕಾಯುತ್ತದೆ. ದಿನಕ್ಕೆ 300 ಮೀಟರ್ ಇಳಿದರೂ ಸುಮಾರು 3 ಡಿಗ್ರಿ; ಅದರಲ್ಲಿ ಒಂದೋ ಒಂದೂವರೆಯೋ ಡಿಗ್ರಿ ಆಕಾಶಕ್ಕೆ ವಿಕಿರಣವಾಗಿ ಕಳೆದುಹೋದರೂ ಮಿಕ್ಕದ್ದು ಉಳಿಯುತ್ತದೆ. ಯಾವ ಊರಿನಿಂದಲೂ ಯಾರೂ ತಂದು ಸುರಿಯದ ಬಿಸಿ ಇದು, ನಮ್ಮ ತಲೆಯ ಮೇಲೇ ಹುಟ್ಟಿದ್ದು. ಜೊತೆಗೆ ಈ ಕಾದ ಪದರ ಮುಚ್ಚಳದ ಹಾಗೆ ಕೂತು ಕೆಳಗಿನ ಗಾಳಿ ಮೇಲೇರಿ ಮೋಡವಾಗುವುದನ್ನೂ ತಡೆಯುತ್ತದೆ. ಮೋಡವಿಲ್ಲ ಎಂದರೆ ಬಿಸಿಲಿಗೆ ಅಡ್ಡಿಯೂ ಇಲ್ಲ.

ಇದರ ಲೆಕ್ಕ ಬೆರಳೆಣಿಕೆಯಷ್ಟು ಸುಲಭ. ಹವಾಮಾನದವರು 850 ಹೆಕ್ಟಾಪಾಸ್ಕಲ್ ಮಟ್ಟ ಎನ್ನುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ. ದಾವಣಗೆರೆ 600 ಮೀಟರಿನಲ್ಲಿದೆ. ಏಪ್ರಿಲ್ ಮಧ್ಯಾಹ್ನ ನೆಲದಿಂದ ಎರಡು ಮೂರು ಕಿ.ಮೀ.ವರೆಗೆ ಗಾಳಿ ಕಡೆಗೋಲಿಟ್ಟು ಕಡೆದಂತೆ ಒಂದೇ ಸಮ ಕಲಸಿಹೋಗಿರುತ್ತದೆ. ಹಾಗಾಗಿ 1,500 ಮೀಟರಿನಲ್ಲಿರುವ ಉಷ್ಣಾಂಶಕ್ಕೆ 900 ಮೀಟರಿನ ಇಳಿತ, ಅಂದರೆ 8.8 ಡಿಗ್ರಿ ಸೇರಿಸಿ, ಕಾದ ನೆಲಕ್ಕೆ ತಾಗಿದ ಗಾಳಿಯೆಂದು ಮೇಲೊಂದು ಡಿಗ್ರಿ ಹಾಕಿ. ಅಲ್ಲಿ 27 ಇದ್ದರೆ ದಾವಣಗೆರೆಯಲ್ಲಿ 37, ಅಲ್ಲಿ 30 ಇದ್ದರೆ ಇಲ್ಲಿ 40. ಚಿತ್ರದುರ್ಗ ಪೇಟೆ 730 ಮೀಟರಿನಲ್ಲಿರುವುದರಿಂದ ಸೇರಿಸಬೇಕಾದದ್ದು 7.5, ಅದಕ್ಕೇ ಒಂದೇ ಗಾಳಿಯ ದಿನ ದುರ್ಗ ದಾವಣಗೆರೆಗಿಂತ ಒಂದು ಡಿಗ್ರಿ ಚಿಲ್ಲರೆ ಕಡಿಮೆ ತೋರಿಸುತ್ತದೆ. ಚಳ್ಳಕೆರೆ, ಹಿರಿಯೂರು ದುರ್ಗಕ್ಕಿಂತ ತಗ್ಗು, ಅಲ್ಲಿ ಹೆಚ್ಚು. ಬಳ್ಳಾರಿ, ರಾಯಚೂರು ಇನ್ನೂ ತಗ್ಗು, ಇನ್ನೂ ಹೆಚ್ಚು. ಬಳ್ಳಾರಿಯ ಬಿಸಿಲಿಗೆ ಗಣಿಯೇ ಕಾರಣ, ಬಂಡೆಯೇ ಕಾರಣ ಎನ್ನುವವರು ಮೊದಲು ಊರಿನ ಎತ್ತರ ನೋಡಬೇಕು.

ಬಂಡೆಗೂ ಪಾತ್ರವಿದೆ, ಆದರೆ ಅದು ರಾತ್ರಿಯದು. ದುರ್ಗದ ಕಣಶಿಲೆಗೆ (ಗ್ರಾನೈಟ್) ಹಗಲಿನ ಬಿಸಿ ಸುಮಾರು 18 ಸೆಂ.ಮೀ. ಆಳದವರೆಗೆ ಇಳಿಯುತ್ತದೆ, ಒಣ ಮರಳು ಮಣ್ಣಿಗೆ ಬರೀ 8 ಸೆಂ.ಮೀ. ಬಂಡೆ ಹಗಲೆಲ್ಲ ನುಂಗಿದ್ದನ್ನು ರಾತ್ರಿ ಒಂಬತ್ತು ಹತ್ತರವರೆಗೂ ಕಕ್ಕುತ್ತಿರುತ್ತದೆ. ಕೋಟೆಯ ಬುಡದ ಓಣಿಗಳಲ್ಲಿ ರಾತ್ರಿಯೂ ಗೋಡೆ ಬಿಸಿ ಅನ್ನಿಸುವುದು ಇದರಿಂದ.

ಹಾಗಾದರೆ 1,500 ಮೀಟರಿನ ಗಾಳಿ ಒಂದು ವಾರ 27, ಇನ್ನೊಂದು ವಾರ 30 ಆಗುವುದೇಕೆ? ಒಂದು ಕಾರಣ ಹೇಳಿದೆ, ಇಳಿತ. ಎರಡನೆಯದು ಬಹಳ ಜನ ಗಮನಿಸದ್ದು: ನಿನ್ನೆಯ ಬಿಸಿ ನೆಲದ ಮೇಲೆ ಆರಿದರೂ ಮೇಲೆ ಉಳಿದಿರುತ್ತದೆ. ರಾತ್ರಿ ತಣ್ಣಗಾಗುವುದು ನೆಲಕ್ಕೆ ತಾಗಿದ ಇನ್ನೂರು ಮುನ್ನೂರು ಮೀಟರಿನ ತೆಳು ಪದರ ಮಾತ್ರ. ಅದರ ಮೇಲೆ ನಿನ್ನೆ ಮಧ್ಯಾಹ್ನ ಕಲಸಿಹೋದ ಬಿಸಿ ಗಾಳಿ ಬಹುತೇಕ ಹಾಗೇ ನಿಂತಿರುತ್ತದೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬಿಸಿಲು ಈ ತಂಪು ತೊಗಲನ್ನು ಸುಡುತ್ತದೆ, ಉಷ್ಣಾಂಶ ಧಡಧಡನೆ ಏರುತ್ತದೆ. ಹತ್ತು ಹತ್ತೂವರೆಗೆ ತೊಗಲು ಹರಿದು ಕೆಳಗಿನ ಗಾಳಿ ಮೇಲಿನದಕ್ಕೆ ಸೇರುತ್ತದೆ. ಆ ಹೊತ್ತಿಗೆ ಸರಿಯಾಗಿ ತೆಂಗಿನ ಗರಿ ಅಲ್ಲಾಡಲು ಶುರುವಾಗುವುದು, ಬಯಲಲ್ಲಿ ಸುಳಿಗಾಳಿ ಎದ್ದು ಕಸ ಹೊತ್ತು ತಿರುಗುವುದು. ಹೊಲದಲ್ಲಿ ಹನ್ನೊಂದಕ್ಕೇ ಸುಳಿಗಾಳಿ ಕಂಡರೆ ಕಲಸುವ ಪದರ ಎತ್ತರಕ್ಕೆ ಹೋಗಿದೆ, ನೆಲ ಒಣಗಿದೆ ಎಂದು ತಿಳಿಯಬಹುದು. ಮೇಲೆ ಉಳಿದ ಬಿಸಿಗೆ ಇಂದಿನದೂ ಸೇರಿ ನಾಳೆಗೆ ಮುಂದುವರಿಯುತ್ತದೆ. ಕಟ್ಟಾ ಬಿಸಿಲು ಒಂದೇ ದಿನಕ್ಕೆ ಬಾರದೆ ನಾಲ್ಕೈದು ದಿನ ಅರ್ಧರ್ಧ ಡಿಗ್ರಿಯಾಗಿ ಕಟ್ಟುವುದು ಹೀಗೆ. ಆ ಸರಪಳಿ ಕಡಿಯಬೇಕಾದರೆ ಒಂದೋ ಗಾಳಿಯ ದಿಕ್ಕು ಬದಲಾಗಬೇಕು, ಇಲ್ಲವೇ ಗುಡುಗು ಮಳೆ ಬಂದು ಆ ಪದರವನ್ನೇ ಕಲಕಬೇಕು.

ಮೂರನೆಯದು ನೆಲದ ತೇವ. ಒಂದು ಚದರ ಮೀಟರ್ ನೆಲದಿಂದ ಒಂದು ಲೀಟರ್ ನೀರು, ಅಂದರೆ ಒಂದು ಮಿ.ಮೀ., ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಅದೇ ಚದರ ಮೀಟರಿನ ಮೇಲೆ ಎರಡು ಕಿ.ಮೀ. ಎತ್ತರದ ಗಾಳಿ ಕಂಬವನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 2 ಮೆಗಾಜೂಲ್ ಸಾಕು. ನೆಲ ಒಣಗಿ ದಿನಕ್ಕೆ ಎರಡು ಮಿ.ಮೀ. ಕಡಿಮೆ ಆವಿಯಾದರೆ ಉಳಿದ ಆ ಶಾಖ ಗಾಳಿಗೆ ಹೋಗಿ ಎರಡು ಎರಡೂವರೆ ಡಿಗ್ರಿ ಏರಿಸುತ್ತದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ, ಬೇಸಿಗೆ ಭತ್ತ ನಿಂತಿರುವಾಗ, ಹರಿಹರ ಕಡೆಯ ಗದ್ದೆ ಬಯಲಿಗೂ ನಿಮ್ಮ ಜಗಳೂರಿನ ಒಣ ಎರೆಗೂ ಇರುವ ವ್ಯತ್ಯಾಸ ಇದೇ. ನಾಲೆಗೆ ನೀರು ಬಿಡದ ವರ್ಷ ಆ ವ್ಯತ್ಯಾಸವೂ ಇರುವುದಿಲ್ಲ. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ಮೇಲೆ ಬಂದ 2024ರ ಏಪ್ರಿಲ್ ಹಾಗೆ ಕಾದದ್ದಕ್ಕೆ ಒಣ ನೆಲವೂ ಒಂದು ಕಾರಣ. ಮೇಲಿಂದ ಎಲ್ ನಿನೊ. ಪೆಸಿಫಿಕ್ ಸಾಗರದ ಮಧ್ಯ ಮತ್ತು ಮೂಡಣ ಭಾಗ ಕಾದಾಗ ಗಾಳಿ ಮೇಲೇರುವ ಜಾಗ ಅತ್ತ ಸರಿಯುತ್ತದೆ, ನಮ್ಮ ಕಡೆ ಇಳಿತ ಜೋರಾಗುತ್ತದೆ. 2016 ಮತ್ತು 2024, ಎರಡೂ ಎಲ್ ನಿನೊ ಬೆನ್ನಿಗೆ ಬಂದ ಬೇಸಿಗೆಗಳು. ಬೆಂಗಳೂರಿನಲ್ಲೂ 2016ರ ಏಪ್ರಿಲಿನಲ್ಲಿ 39.2, 2024ರ ಏಪ್ರಿಲಿನಲ್ಲಿ 38.5 ಡಿಗ್ರಿ ದಾಖಲಾದವು.

ಇನ್ನು ಟಿ.ವಿ.ಯ ಮಾತು. ಬಿಸಿಗಾಳಿ ಎಂಬ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ರಾಜಸ್ಥಾನದಿಂದ ಯಾರೋ ಕುಲುಮೆ ಊದಿದಂತೆ ಚಿತ್ರ ಬರುತ್ತದೆ. ಹವಾಮಾನ ಇಲಾಖೆ ಆ ಪದ ಬಳಸುವುದು ಗಾಳಿಗಲ್ಲ, ಉಷ್ಣಾಂಶಕ್ಕೆ: ಬಯಲು ಸೀಮೆಯಲ್ಲಿ ಗರಿಷ್ಠ 40 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, 6.4 ಮೀರಿದರೆ ತೀವ್ರ. ದುರ್ಗದ ಏಪ್ರಿಲ್ ವಾಡಿಕೆ 36 ಎಂದುಕೊಂಡರೆ 40.5 ಬೇಕು. ಎಲೆ ಅಲ್ಲಾಡದ ದಿನವೂ ಬಿಸಿಗಾಳಿ ಘೋಷಣೆ ಆಗಬಹುದು. ಇನ್ನು ಬರುವ ದಾರಿ: ಒಂದೂವರೆ ಕಿ.ಮೀ. ಎತ್ತರದಲ್ಲಿ ವಾಯವ್ಯ ಅಥವಾ ಬಡಗಣ ಗಾಳಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಬೀಸಿದರೆ ದಿನಕ್ಕೆ 360 ಕಿ.ಮೀ. ಅಂದರೆ ಇಂದು ನಿಮ್ಮ ಮೇಲಿರುವ ಗಾಳಿ ನಿನ್ನೆ ಇದೇ ಹೊತ್ತಿಗೆ ಸೊಲ್ಲಾಪುರದ ಆಸುಪಾಸಿನಲ್ಲಿತ್ತು. ದೆಹಲಿ ಇಲ್ಲಿಂದ ನೇರ ದಾರಿಯಲ್ಲೂ 1,500 ಕಿ.ಮೀ. ದೂರ, ಅಷ್ಟು ಬರುವುದರೊಳಗೆ ನಾಲ್ಕು ರಾತ್ರಿ ಕಳೆದು ಅಲ್ಲಿನ ಗುರುತು ಬಹಳಷ್ಟು ಅಳಿಸಿರುತ್ತದೆ. ನಮಗೆ ಬಿಸಿ ಕಳಿಸುವುದು ಮರಾಠವಾಡ, ತೆಲಂಗಾಣ, ಕಲಬುರಗಿಯ ಒಣ ಎರೆ ಬಯಲು. ಉತ್ತರದ್ದು ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಉತ್ತರ ಎಂದರೆ ಪಕ್ಕದ ಮನೆ.

ಈಗೀಗ ಬಳಕೆಗೆ ಬಂದ ಹೀಟ್ ಡೋಮ್ (ಬಿಸಿಯನ್ನು ಮುಚ್ಚಳದಂತೆ ಹಿಡಿದಿಡುವ ಅಧಿಕ ಒತ್ತಡ) ಎಂಬ ಮಾತನ್ನೂ ಇಲ್ಲಿಗೆ ಹಾಗೇ ಎಳೆದು ತರಬಾರದು. 2021ರ ಜೂನ್ 29ರಂದು ಕೆನಡಾದ ಲಿಟನ್ ಎಂಬ ಪುಟ್ಟ ಊರಿನಲ್ಲಿ 49.6 ಡಿಗ್ರಿ ಆದಾಗ, ಅಲ್ಲಿ ಪಡುವಣದಿಂದ ಮೂಡಣಕ್ಕೆ ಹರಿಯುವ ಮೇಲ್ಮಟ್ಟದ ವೇಗದ ಗಾಳಿ ಅಂಕುಡೊಂಕಾಗಿ ಸಿಕ್ಕಿಹಾಕಿಕೊಂಡಿತ್ತು. ನಮ್ಮ ಅಕ್ಷಾಂಶದಲ್ಲಿ ಅಂಥ ವೇಗದ ಗಾಳಿ ಬೇಸಿಗೆಯಲ್ಲಿ ತಲೆಯ ಮೇಲಿರುವುದಿಲ್ಲ. ನಮ್ಮದು ಸದ್ದಿಲ್ಲದೆ ವಾರಗಟ್ಟಲೆ ಕೂರುವ ಸುಳಿ. ಏರುಪೇರು ಮಾಡುವುದು ಅದರ ಅಂಚು.

ಆ ಅಂಚೇ ನಿಮ್ಮ ಎರಡು ದಿನಗಳ ಗುಟ್ಟು. ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲೊಂದು, ಬಂಗಾಳ ಕೊಲ್ಲಿಯ ಮೇಲೊಂದು ಅಧಿಕ ಒತ್ತಡದ ಪ್ರದೇಶ ಇರುತ್ತದೆ. ಎರಡರ ಗಾಳಿಯೂ ಸಂಧಿಸುವ ಗೆರೆ ವಿದರ್ಭ ಅಥವಾ ಮಧ್ಯ ಮಹಾರಾಷ್ಟ್ರದಿಂದ ಒಳನಾಡು ಕರ್ನಾಟಕ ಹಾದು ತಮಿಳುನಾಡಿನವರೆಗೆ ಬಡಗು–ತೆಂಕು ಉದ್ದಕ್ಕೆ ಮಲಗಿರುತ್ತದೆ. ಹವಾಮಾನ ವರದಿಯಲ್ಲಿ ಟ್ರಫ್ ಎಂದು ದಿನವೂ ಬರುವುದು ಇದೇ. ಗೆರೆಯ ಪಡುವಣಕ್ಕೆ ಒಣ ವಾಯವ್ಯ ಗಾಳಿ, ಮೂಡಣಕ್ಕೆ ಕೊಲ್ಲಿಯ ತೇವ ಹೊತ್ತ ಆಗ್ನೇಯ ಗಾಳಿ. ಗೆರೆ ರಾಯಲಸೀಮೆಯತ್ತ ಸರಿದರೆ ನಾವು ಒಣ ಪಾಲಿಗೆ ಬೀಳುತ್ತೇವೆ, ಝಳ. ಗೆರೆ ನಮ್ಮ ಮೇಲೋ ಶಿವಮೊಗ್ಗದ ಕಡೆಯೋ ಬಂದರೆ ಅನಂತಪುರ ಮಾರ್ಗವಾಗಿ ತೇವದ ಗಾಳಿ ನುಗ್ಗುತ್ತದೆ, ಸೆಕೆ. ಅದೃಷ್ಟವಿದ್ದರೆ ಸಂಜೆ ಗುಡುಗು, ಆಲಿಕಲ್ಲು. ಅಶ್ವಿನಿ, ಭರಣಿ ಮಳೆ ಎಂದು ನಾವು ಕಾಯುವುದು ಈ ಗೆರೆಯ ಮಳೆಗೇ. ಒಂದೇ ದಿನ ಚಳ್ಳಕೆರೆಯಲ್ಲಿ ಮಳೆ, ದಾವಣಗೆರೆಯಲ್ಲಿ ಬರೀ ಧೂಳು ಆಗುವುದೂ ಗೆರೆ ಐವತ್ತು ಅರವತ್ತು ಕಿ.ಮೀ. ಆಚೀಚೆ ಆಗುವುದರಿಂದ.

ಚಂಡಮಾರುತಗಳು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಕೊಲ್ಲಿಯಲ್ಲಿ ಚಂಡಮಾರುತ ಎದ್ದು ಒಡಿಶಾ, ಬಂಗಾಳದತ್ತ ಹೋದರೆ ತೇವವನ್ನೆಲ್ಲ ತನ್ನತ್ತ ಎಳೆದುಕೊಂಡು ಪರ್ಯಾಯ ದ್ವೀಪದ ಮೇಲೆ ಒಣ ಗಾಳಿ ಬಿಡುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಕೇಳಿ ನಮಗೆ ಮಳೆ ಎಂದು ಹಿಗ್ಗಬಾರದು. ಎಷ್ಟೋ ಸಲ ಅದು ಝಳದ ಸೂಚನೆ. ಅರಬ್ಬಿ ಸಮುದ್ರದಲ್ಲಿ ಎದ್ದರೆ ಮಾತು ಬೇರೆ: 2021ರ ಮೇ ನಡುವೆ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋದಾಗ ಕರ್ನಾಟಕಕ್ಕೆ ಮೋಡ, ಮಳೆ ಕೊಟ್ಟೇ ಹೋಯಿತು.

ಕೋಳಿಗೆ ಬರೋಣ. ಕೋಳಿಗೆ ಬೆವರು ಗ್ರಂಥಿ ಇಲ್ಲ. ಮೈ ಉಷ್ಣಾಂಶ 41 ಡಿಗ್ರಿಯ ಆಸುಪಾಸು. ಸುತ್ತಲ ಗಾಳಿ ಅದಕ್ಕೆ ಹತ್ತಿರವಾದ ಮೇಲೆ ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲಿನ ತೇವವನ್ನು ಆವಿ ಮಾಡಿಯೇ ಬಿಸಿ ಕಳೆಯಬೇಕು. ಆವಿಯಾಗಲು ಗಾಳಿಯಲ್ಲಿ ಜಾಗವಿದೆಯೇ ಎಂಬುದೇ ಪ್ರಶ್ನೆ. ಅದನ್ನು ಅಳೆಯುವುದು ಒದ್ದೆ ಬಲ್ಬ್ ಉಷ್ಣಾಂಶದಿಂದ: ಥರ್ಮಾಮೀಟರಿನ ಬುರುಡೆಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಗಾಳಿ ಆಡಿಸಿದರೆ ಇಳಿದು ನಿಲ್ಲುವ ಅಂಕಿ. ನಿಮ್ಮ ಮೊದಲ ದಿನದಂಥ 41 ಡಿಗ್ರಿಗೆ ಆರ್ದ್ರತೆ ಶೇ 14ರಷ್ಟೇ ಇದ್ದರೆ ಒದ್ದೆ ಬಲ್ಬ್ 21ಕ್ಕೆ ಇಳಿಯುತ್ತದೆ. ಎರಡನೆಯ ದಿನದಂಥ 37 ಡಿಗ್ರಿಗೆ ಶೇ 40 ಇದ್ದರೆ 26. ಸಂಜೆ ಐದಕ್ಕೆ ಮೋಡ ಕವಿದು 35ಕ್ಕೆ ಶೇ 55 ಆದರೆ 27.5. ಒಣ ಥರ್ಮಾಮೀಟರ್ 41ರಿಂದ 35ಕ್ಕೆ ಇಳಿಯಿತು, ಒದ್ದೆಯದು ಆರೂವರೆ ಡಿಗ್ರಿ ಏರಿತು. ಕೋಳಿಯ ಗಂಟಲಿಗೆ ಗೊತ್ತಾಗುವುದು ಎರಡನೆಯದು.

ಸಂಜೆ 5ರಿಂದ 7 ಎಂಬ ಹೊತ್ತೂ ಆಕಸ್ಮಿಕವಲ್ಲ. ಗುಡುಗು ಮೋಡ ಕಟ್ಟುವ ಮುಂಚೆ ಗಾಳಿ ಸ್ತಬ್ಧವಾಗುತ್ತದೆ. ತೆರೆದ ಶೆಡ್ಡಿಗೆ ಅಡ್ಡಗಾಳಿಯೇ ಜೀವ, ಅದು ನಿಂತಿತು. ಹಗಲೆಲ್ಲ ಕಾದ ಶೀಟು ಇನ್ನೂ ಕೆಳಕ್ಕೆ ಬಿಸಿ ಬಿಡುತ್ತಿದೆ. ತಿಂದ ಮೇವು ಜೀರ್ಣವಾಗುವಾಗ ಮೈಯೊಳಗೆ ಶಾಖ ಹೆಚ್ಚು ಹುಟ್ಟುವುದು ನಾಲ್ಕರಿಂದ ಆರು ಗಂಟೆ ಕಳೆದ ಮೇಲೆ. ಮಧ್ಯಾಹ್ನ ಹನ್ನೆರಡಕ್ಕೆ ಮೇವಿದ್ದರೆ ಅದು ಸರಿಯಾಗಿ ಈ ಹೊತ್ತಿಗೇ ಬರುತ್ತದೆ. ಆ ಮೇಲೆ ಎಲ್ಲೋ ಮಳೆಗಾಳಿಗೆ ತಂತಿ ಕಡಿದು ಕರೆಂಟು ಹೋಯಿತು, ಫ್ಯಾನ್ ನಿಂತವು. ಫಾಗರ್ ಸಿಂಪಡಿಸಿದ ನೀರು ಆವಿಯಾಗದೆ ಹೊಟ್ಟಿನ ಹಾಸಿಗೆಗೆ ಇಳಿದು, ಅಲ್ಲಿಂದ ಅಮೋನಿಯಾ ಎದ್ದಿತು. ಹಿಂದಿನ ರಾತ್ರಿಯೂ ಗಮನಿಸಿ: ಒಣ ಗಾಳಿಯ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿ 41 ಇದ್ದದ್ದು ಬೆಳಗಿನ ಜಾವ 23ಕ್ಕೆ ಇಳಿಯಬಹುದು. ತೇವ, ಮೋಡದ ರಾತ್ರಿ 26, 27ಕ್ಕೇ ನಿಂತುಬಿಡುತ್ತದೆ. ಎರಡು ರಾತ್ರಿ ಹಾಗಾದರೆ ಕೋಳಿ ಸುಧಾರಿಸಿಕೊಳ್ಳದೆ ಮೂರನೇ ಹಗಲಿಗೆ ಬರುತ್ತದೆ.

ಮುಂಚೆಯೇ ತಿಳಿಯುವುದು ಹೇಗೆ? ಮೊದಲು ಒಂದು ತಪ್ಪು ಬಿಡಿ: ಮೊಬೈಲಿನ ಶೇಕಡಾ ಆರ್ದ್ರತೆ ನೋಡಿ ತೀರ್ಮಾನಿಸುವುದು. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಉಷ್ಣಾಂಶ ಏರಿದಂತೆ ಶೇಕಡಾ ಇಳಿಯುತ್ತದೆ. ಬೆಳಿಗ್ಗೆ 24 ಡಿಗ್ರಿಯಲ್ಲಿ ಶೇ 36 ಕಂಡದ್ದೇ ಮಧ್ಯಾಹ್ನ 41ರಲ್ಲಿ ಶೇ 14. ನೋಡಬೇಕಾದದ್ದು ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟಕ್ಕೆ ತಣ್ಣಗಾದರೆ ಇಬ್ಬನಿ ಕಟ್ಟುತ್ತದೆ ಎಂಬ ಡಿಗ್ರಿ. ಬಹುತೇಕ ಹವಾಮಾನ ಆ್ಯಪ್‌ಗಳಲ್ಲಿ ಅದು ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅದು 12ಕ್ಕಿಂತ ಕೆಳಗಿದ್ದರೆ ಅಂದು ಝಳ. 19 ದಾಟಿದ್ದರೆ ಸೆಕೆ, ಸಂಜೆ ಗುಡುಗಿಗೂ ಸಿದ್ಧರಾಗಿ. ನಡುವೆ ಇದ್ದರೆ ಮಧ್ಯಾಹ್ನ ಒಂದಕ್ಕೆ ಇನ್ನೊಮ್ಮೆ ನೋಡಿ: 17 ಇದ್ದದ್ದು 11ಕ್ಕೆ ಬಿದ್ದಿದ್ದರೆ ಮೇಲಿನ ಒಣ ಪದರ ಕೆಳಕ್ಕೆ ಕಲಸಿದೆ, ಸೆಕೆಯ ಭಯ ಕಡಿಮೆ, ಬೀಳದೆ ನಿಂತಿದ್ದರೆ ಎಚ್ಚರ.

ಹಿಂದಿನ ದಿನವೇ ಬೇಕೆಂದರೆ ವಿಂಡಿಯಂಥ ಆ್ಯಪ್ ತೆರೆದು ಎತ್ತರವನ್ನು 850 ಹೆಕ್ಟಾಪಾಸ್ಕಲ್ ಅಥವಾ 1,500 ಮೀಟರಿಗೆ ಇಟ್ಟು, ನಾಳೆ ಮಧ್ಯಾಹ್ನ ಮೂರು ಗಂಟೆಯ ಉಷ್ಣಾಂಶ ಓದಿ ಹತ್ತು ಸೇರಿಸಿ. ಜಗಳೂರಿಗೂ ದಾವಣಗೆರೆಯ ಲೆಕ್ಕ ಸಾಕು. ಅದೇ ಮಟ್ಟದಲ್ಲಿ ಗಾಳಿಯ ಗೆರೆಗಳು ಯಾವ ಕಡೆಯಿಂದ ಬರುತ್ತಿವೆ ನೋಡಿ: ಸೊಲ್ಲಾಪುರ, ವಿಜಯಪುರದ ಕಡೆಯಿಂದಲೋ, ಅನಂತಪುರದ ಕಡೆಯಿಂದಲೋ. ಈ ಅಂದಾಜು ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ. ಹೆಚ್ಚು ತಪ್ಪುವುದು ಮೂರು ಸಂದರ್ಭದಲ್ಲಿ: ಹನ್ನೊಂದಕ್ಕೇ ಮೋಡ ಕವಿದರೆ, ಹಿಂದಿನ ಸಂಜೆ ಮಳೆಯಾಗಿ ನೆಲ ಹಸಿಯಾಗಿದ್ದರೆ, ಬೆಳಗಿನ ಜಾವದ ಅಂಕಿಯನ್ನು ಮಧ್ಯಾಹ್ನದ್ದೆಂದು ಓದಿದರೆ. ಗದ್ದೆ ಬಯಲಿನವರು ಎರಡು ಡಿಗ್ರಿ ಕಳೆಯಲಿ. ಹೋಬಳಿ ಮಟ್ಟದ ಅಳತೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಕೇಂದ್ರಗಳಿವೆ, ಅದರ ವರುಣ ಮಿತ್ರ ಸಹಾಯವಾಣಿಯಲ್ಲೂ ಕೇಳಬಹುದು. ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ 44, 45 ನಂಬಬೇಡಿ; ಅದು ಡಾಂಬರಿನ ಮೇಲಿನ, ಎಂಜಿನ್ ಪಕ್ಕದ ಬಿಸಿ. ಇಲಾಖೆಯ ಅಳತೆ ನೆಲದಿಂದ ಆಳೆತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ ತೆಗೆದದ್ದು.

ಶೆಡ್ಡಿನೊಳಗೆ ಮಾತ್ರ ನಿಮ್ಮದೇ ಅಳತೆ ಬೇಕು. ಒಂದೇ ಥರದ ಎರಡು ಥರ್ಮಾಮೀಟರ್ ತಂದು ಕೋಳಿಯ ತಲೆಯ ಮಟ್ಟದಲ್ಲಿ, ಫಾಗರ್ ಹನಿ ಬೀಳದ ಕಡೆ ಕಟ್ಟಿ. ಒಂದರ ಬುರುಡೆಗೆ ತೆಳು ಹತ್ತಿ ಬಟ್ಟೆ ಸುತ್ತಿ ಅದರ ಬಾಲವನ್ನು ನೀರಿನ ಬಾಟಲಿಗೆ ಇಳಿಬಿಡಿ, ಫ್ಯಾನ್ ಗಾಳಿ ತಾಗಲಿ. ಬೋರಿನ ಗಡಸು ನೀರು ಹಾಕಿದರೆ ವಾರದಲ್ಲಿ ಬಟ್ಟೆ ಉಪ್ಪುಗಟ್ಟಿ ಅಂಕಿ ಸುಳ್ಳಾಗುತ್ತದೆ. ಮಳೆ ನೀರು ಅಥವಾ ಬ್ಯಾಟರಿ ನೀರು ಹಾಕಿ. ಎರಡರ ಅಂತರ 12 ಡಿಗ್ರಿಗಿಂತ ಹೆಚ್ಚಿದ್ದರೆ ಫಾಗರ್ ಧಾರಾಳವಾಗಿ ಓಡಿಸಿ. 8ಕ್ಕಿಂತ ಕಡಿಮೆಯಾದರೆ ನಿಲ್ಲಿಸಿ, ಬರೀ ಗಾಳಿ ಕೊಡಿ.

ಝಳದ ದಿನ ನೀರಿನ ಲೆಕ್ಕ ಹೀಗೆ. ಒಂದು ಲೀಟರ್ ಪೂರ್ತಿ ಆವಿಯಾದರೆ ಸುಮಾರು 2,200 ಘನ ಮೀಟರ್ ಗಾಳಿ ಒಂದು ಡಿಗ್ರಿ ತಣ್ಣಗಾಗುತ್ತದೆ. 30 ಅಡಿ ಅಗಲ, 170 ಅಡಿ ಉದ್ದ, ಸರಾಸರಿ 10 ಅಡಿ ಎತ್ತರದ ಶೆಡ್ಡಿನಲ್ಲಿ ಸುಮಾರು 1,450 ಘನ ಮೀಟರ್ ಗಾಳಿ. ಐದು ಡಿಗ್ರಿ ಇಳಿಸಲು ಪ್ರತಿ ಬಾರಿ ಗಾಳಿ ಬದಲಾದಾಗಲೂ 3 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಬೇಕು. ಒಂದೆರಡು ನಿಮಿಷ ಬಿಟ್ಟು, ಹತ್ತು ನಿಮಿಷ ನಿಲ್ಲಿಸಿ ನೋಡಿ. ಹಾಸಿಗೆಯ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ನೀರು ಹೆಚ್ಚಾಗಿದೆ. ನಾಜಲ್ ಕಟ್ಟಿಕೊಂಡು ಮಂಜಿನ ಬದಲು ಹನಿ ಬಿದ್ದರೂ ಹೀಗೇ ಆಗುತ್ತದೆ. ನಾಜಲ್ ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಗಡಸು ಬಿಡುತ್ತದೆ.

ಸೆಕೆಯ ದಿನದ ಕೆಲಸ ಬೇರೆ. ಬೆಳಿಗ್ಗೆ ಎಂಟೂವರೆಗೆ ಇಬ್ಬನಿ ಬಿಂದು 19 ದಾಟಿದೆ ಎಂದು ಕಂಡ ಕೂಡಲೇ ಹತ್ತು ಗಂಟೆಗೆ ಮೇವಿನ ತಟ್ಟೆ ಎತ್ತಿಬಿಡಿ, ಸಂಜೆ ತಂಪಾದ ಮೇಲೇ ಇಳಿಸಿ. ಮೇವು ಬೆಳಗಿನ ಜಾವ ಮತ್ತು ರಾತ್ರಿ. ಮೂರು ಗಂಟೆಯೊಳಗೆ ಜನರೇಟರ್ ಒಮ್ಮೆ ಓಡಿಸಿ ನೋಡಿ, ಡೀಸೆಲ್ ಇದೆಯೇ ನೋಡಿ. ಕರೆಂಟು ಹೋದ ಮೇಲೆ ಹಗ್ಗ ಎಳೆಯುತ್ತಾ ಕೂತರೆ ಹತ್ತು ನಿಮಿಷ ಹೋಗುತ್ತದೆ. ಆ ದಿನ ಲಸಿಕೆ, ತೂಕ, ಸಾಗಣೆ ಯಾವುದೂ ಬೇಡ. ನಾಲ್ಕರ ಮೇಲೆ ಒಬ್ಬರು ಶೆಡ್ಡಿನಲ್ಲಿ ಮೆಲ್ಲಗೆ ಓಡಾಡುತ್ತಾ ಕೋಳಿಗಳನ್ನು ಎಬ್ಬಿಸುತ್ತಿರಲಿ. ಒತ್ತಾಗಿ ಕೂತ ಕೋಳಿಗಳ ನಡುವೆ ಸಿಕ್ಕಿಕೊಂಡ ಬಿಸಿ ಹೊರಬೀಳುತ್ತದೆ, ಅವು ನೀರಿನ ಹತ್ತಿರವೂ ಹೋಗುತ್ತವೆ. ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕೈ ಸುಡುವಷ್ಟಾದರೆ ಕೋಳಿ ಕುಡಿಯುವುದಿಲ್ಲ: ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೆನೆಸಿ, ಎರಡಕ್ಕೂ ನಾಲ್ಕಕ್ಕೂ ಪೈಪಿನ ಕೊನೆ ಬಿಚ್ಚಿ ಕಾದ ನೀರು ಹರಿಯಬಿಡಿ. ಬೇಸಿಗೆ ಬ್ಯಾಚಿಗೆ ಕೋಳಿಗೆ ಒಂದು ಚದರ ಅಡಿ ಸಾಲದು, ಒಂದೂಕಾಲು ಕೊಡಿ. ಅಂದರೆ ಇದೇ ಶೆಡ್ಡಿಗೆ ಮಾರ್ಚ್‌ನಲ್ಲಿ ಮರಿ ಬಿಡುವಾಗ 5,000 ಅಲ್ಲ, 4,000.